ಹಗ್ಗ ನನ್ನ ಕೈಯಾಗೈತಿ

ಲೋಕಾಪುರದ ಸುತ್ತಿನ ಹೊಲಗಳಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿಗಳಿವೆ. ಅಂಥದೊಂದು ಬಾವಿಯಲ್ಲಿ ನಾನು ಈಜು ಕಲಿತೆ. ಬೆನ್ನಿಗೆ ಬೆಂಡು, ನಡಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಮೆಟ್ಟಿಲ ಮೇಲೆ ಕೂತ ಸೋದರಮಾವನ ಕೈಯಲ್ಲಿ. ಕೆಳಗೆ ನೀರು ಕರ್ರಗೆ ಕಾಣುತ್ತಿತ್ತು, ಕಾಲು ನಡುಗುತ್ತಿದ್ದವು. ಮಾವ ಅಂದರು: "ಹೆದರಿಕಿ ಆಗ್ತೈತಿ, ಆಗ್ಲಿ. ಜಿಗಿ. ಹಗ್ಗ ನನ್ನ ಕೈಯಾಗೈತಿ."

ಜಿಗಿದೆ. ಮೂಗಿನಲ್ಲಿ ನೀರು, ಕಿವಿ ಗುಂಯ್ ಅಂತು. ನಡ ಜಗ್ಗಿದಂತಾಗಿ ಮೇಲೆ ಬಂದೆ. ಎದೆ ಡವಡವ ಹೊಡೆದುಕೊಳ್ಳುತ್ತಲೇ ಇತ್ತು. ಮೆಟ್ಟಿಲು ಹಿಡಿದು ನಿಂತಷ್ಟು ಹೊತ್ತಿನಲ್ಲಿ ತಾನೇ ತಣ್ಣಗಾಯಿತು. ಆಮೇಲೆ ನಾನಾಗಿಯೇ ಮತ್ತೆ ಜಿಗಿದೆ.

ಆ ತಣ್ಣಗಾಗುವುದಿದೆಯಲ್ಲ, ಅದನ್ನು ಮಗು ಒಮ್ಮೆಯಾದರೂ ತನ್ನ ಮೈಯಲ್ಲಿ ಕಂಡಿರಬೇಕು. ಈಗ ನಮ್ಮ ಕಡೆ ನಾಲ್ಕನೇ ಇಯತ್ತೆ ಮುಗಿಯುವುದರೊಳಗೆ ನವೋದಯ, ಸೈನಿಕ ಶಾಲೆ, ಮೊರಾರ್ಜಿ ಎಂದು ಕೋಚಿಂಗ್ ಸುರುವಾಗುತ್ತದೆ. ಪರೀಕ್ಷೆಯ ಕೋಣೆಯಲ್ಲಿಯೂ ಹೊಡೆದುಕೊಳ್ಳುವುದು ಅದೇ ಎದೆ. ಒಮ್ಮೆಯೂ ಅದು ಇಳಿದದ್ದು ಕಾಣದ ಹುಡುಗನಿಗೆ, ಇದು ಇನ್ನು ನಿಲ್ಲುವುದೇ ಇಲ್ಲ ಅನ್ನಿಸುತ್ತದೆ. ನಾರ್ವೆ ದೇಶದ ಎಲನ್ ಸ್ಯಾಂಡ್‌ಸೆಟರ್ ಮತ್ತು ಲೈಫ್ ಕೆನ್ನೇರ್ ಎಂಬ ಸಂಶೋಧಕರು 2011ರಲ್ಲಿ ಇದನ್ನೇ ವಾದಿಸಿದರು: ಎತ್ತರ ಹತ್ತುವ, ಜೋರಾಗಿ ಓಡುವ ಎದೆಗಾರಿಕೆಯ ಆಟಗಳು ಮಕ್ಕಳ ಅಂಜಿಕೆಯನ್ನು ಸ್ವಲ್ಪಸ್ವಲ್ಪವೇ ಕರಗಿಸುತ್ತವೆ, ಆಟವನ್ನೇ ಕಸಿದುಕೊಂಡರೆ ಅಂಜಿಕೆ ಹಾಗೇ ಉಳಿದುಬಿಡಬಹುದು.

ನಾರ್ವೆ ದೂರವಾಯಿತು. ಲೋಕಾಪುರದಿಂದ ಕಲಾದಗಿ ದಾಟಿ ಹೋದರೆ ಹನುಮಪ್ಪನ ತುಳಸಿಗೇರಿ. ಆ ಊರು ಮಲ್ಲಕಂಬಕ್ಕೆ ಹೆಸರಾದದ್ದು. 12ನೇ ಶತಮಾನದಲ್ಲಿ ನಮ್ಮ ಕಲ್ಯಾಣದ ಅರಸು ಮೂರನೆಯ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿಯೂ ಮಲ್ಲರ ಕಂಬದ ಮಾತು ಬರುತ್ತದೆ. ಔಡಲೆಣ್ಣೆ ಸವರಿದ ಕಂಬ ಜಾರುತ್ತದೆ. ಪುಟ್ಟ ಹುಡುಗಿ ತೊಡೆಯಲ್ಲಿ ಕಂಬ ಬಿಗಿಹಿಡಿದು, ತಲೆಕೆಳಗಾಗಿ, ಒಂದೊಂದೇ ಕೈ ಬಿಡುತ್ತಾಳೆ. ಕೆಳಗೆ ಗುರುವಿನ ಎರಡೂ ಅಂಗೈ ಅವಳ ತಲೆಯ ನೇರಕ್ಕೆ ಚಾಚಿರುತ್ತವೆ, ಮುಟ್ಟಿರುವುದಿಲ್ಲ. ಆ ಗೇಣುದ್ದದ ಅಂತರವೇ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಬಾದಾಮಿಯ ಕೆಂಪು ಬಂಡೆಗಳಲ್ಲಿಯೂ ಇದೇ ಪಾಠ. ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಅಲ್ಲಿ ಬಂಡೆ ಹತ್ತುವುದನ್ನು ಕಲಿಸುತ್ತದೆ. ನಡುದಾರಿಯಲ್ಲಿ ಸಿಕ್ಕಿಕೊಂಡ ಹುಡುಗನಿಗೆ ಊರು, ಮಾರ್ಕ್ಸು, ಮೊಬೈಲು ಯಾವುದೂ ನೆನಪಿರುವುದಿಲ್ಲ. ಬಲಗಾಲಿಗೆ ಒಂದು ಹಿಡಿತ ಬೇಕು, ಅಷ್ಟೇ. ಕೆಳಗೆ ಹಗ್ಗ ಹಿಡಿದವರು ಅವಸರ ಮಾಡದೆ ಕಾಯುತ್ತಾರೆ.

ಕಾಲುವೆ, ಕೃಷಿ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಕೇಳಿ ತಾಯಂದಿರು ಅಂಜುವುದು ನ್ಯಾಯವೇ. ಈಜು ಬಲ್ಲ ದೊಡ್ಡವರಿಲ್ಲದೆ ಮಕ್ಕಳನ್ನು ನೀರಿನ ಹತ್ತಿರ ಕಳಿಸಲೇಬಾರದು. ಇನ್ನೊಂದು ಮಾತು. ಮಗು ವಾರಗಟ್ಟಲೆ ಊಟ ಬಿಟ್ಟು, ನಿದ್ದೆಗೆಟ್ಟು ಮೂಲೆ ಹಿಡಿದಿದ್ದರೆ ಬಾವಿ, ಬಂಡೆ ಎಂದು ಕಾಯುತ್ತ ಕೂಡಬೇಡಿ. ಸರಕಾರದ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಮಾತಾಡುತ್ತಾರೆ, ದುಡ್ಡು ಬೇಕಿಲ್ಲ.

ಉಳಿದವರು ಈ ರವಿವಾರ ಅಟ್ಟದ ಮೇಲಿನ ಬೆಂಡು ಇಳಿಸಿ. ಹಗ್ಗವನ್ನು ಎರಡು ಸಲ ಜಗ್ಗಿ ನೋಡಿ. ಬಿಸಿಲೇರುವುದರೊಳಗೆ ಹೊರಡಿ. ಬುತ್ತಿಗೆ ನಾಲ್ಕು ರೊಟ್ಟಿ ಹೆಚ್ಚಿಗೆ ಕಟ್ಟಿಕೊಳ್ಳಿ, ಈಜಿದ ಮಕ್ಕಳಿಗೆ ಹಸಿವು ಬಹಳ.