ಮನೆಯಲ್ಲಿ ಮಾಡಿದ ಬರ್ಗರ್

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಂಪ, ರನ್ನ, ಕುಮಾರವ್ಯಾಸರನ್ನು ಪಾಠ ಹೇಳಿದ ಮನುಷ್ಯ ಬಾನುಲಿಯಲ್ಲಿ ಬರ್ಗರ್ ಕುರಿತು ಮಾತನಾಡಹೊರಟರೆ ಕೇಳುವವರು ನಕ್ಕಾರು. ನಗಲಿ, ನಮ್ಮ ಮನೆಯಲ್ಲೂ ಮೊದಲು ಎದ್ದದ್ದು ನಗುವೇ. ಕಳೆದ ಬೇಸಗೆಯ ರಜೆಯಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಮೈಸೂರಿಗೆ ಬಂದಿದ್ದರು. “ತಾತ, ಇವತ್ತು ಬರ್ಗರ್ ತರಿಸೋಣ” ಎಂದಳು ಹತ್ತು ವರ್ಷದ ಮೊಮ್ಮಗಳು. “ತರಿಸುವುದೇಕೆ? ನಾನೇ ಮಾಡುತ್ತೇನೆ” ಎಂದುಬಿಟ್ಟೆ. ಕಾಫಿಯನ್ನಾದರೂ ಬೆರೆಸಿ ಅರಿಯದವನ ಬಾಯಿಂದ ಈ ಮಾತು ಹೊರಟದ್ದನ್ನು ಕೇಳಿ ನನ್ನ ಶ್ರೀಮತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಕನ್ನಡ ಮೇಷ್ಟರಿಗೆ ತಿನಿಸಿಗಿಂತ ಮೊದಲು ಪದದ ಚಪಲ. ‘ಹ್ಯಾಂಬರ್ಗರ್’ ಎಂದರೆ ಜರ್ಮನಿಯ ಹ್ಯಾಂಬರ್ಗ್ ನಗರದ್ದು ಎಂದಷ್ಟೇ ಅರ್ಥ. ಅದರೊಳಗಿನ ‘ಬರ್ಗ್’ ಎಂಬುದು ಕೋಟೆ. ನಮ್ಮ ಚಿತ್ರದುರ್ಗದಲ್ಲಿ ‘ದುರ್ಗ’ ಇರುವಂತೆ. ಇಂಗ್ಲಿಷಿನಲ್ಲಿ ‘ಹ್ಯಾಮ್’ ಎಂದರೆ ಹಂದಿಯ ತೊಡೆಯ ಮಾಂಸ. ಆಡುವ ಜನ ಪದವನ್ನು ಅಲ್ಲಿಗೇ ಒಡೆದರು. ಒಡೆದು ಉಳಿದ ತುಂಡು ‘ಬರ್ಗರ್’ ಎಂಬ ಸ್ವತಂತ್ರ ಪದವಾಗಿ ಲೋಕ ಸುತ್ತಿತು. ಅಮೆರಿಕದಲ್ಲಿ ಅದು ದನದ ಮಾಂಸದ ತಿನಿಸು. 1996ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಭಾರತಕ್ಕೆ ಬಂದಾಗ ಗೋಮಾಂಸವನ್ನು ಬಿಟ್ಟೇ ಬಂದಿತು. ಮುಂದೆ ಆಲೂಗೆಡ್ಡೆಯ ಬರ್ಗರ್ ನಮ್ಮ ಮಕ್ಕಳ ಬಾಯಿಗೆ ಹತ್ತಿತು. ಶಬ್ದಗಳಂತೆಯೇ ತಿನಿಸುಗಳೂ ಊರು ಬಿಟ್ಟಮೇಲೆ ರೂಪ ಬದಲಿಸುತ್ತವೆ.

ವ್ಯುತ್ಪತ್ತಿ ತಿಳಿದ ಮಾತ್ರಕ್ಕೆ ಅಡುಗೆ ಬಂದೀತೇ? 750 ಗ್ರಾಂ ಆಲೂಗೆಡ್ಡೆ ಬೇಯಿಸಿ, ಬಿಸಿಯಿರುವಾಗಲೇ ಹಿಸುಕಿ, ಬಟಾಣಿ, ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು ಸೇರಿಸಿ ಬಿಲ್ಲೆ ತಟ್ಟಿದೆ. ಕಾವಲಿಯ ಮೇಲೆ ಅವು ಒಡೆದು ಪಲ್ಯವಾದವು. ಬಾಗಿಲಲ್ಲಿ ನಿಂತಿದ್ದ ಶ್ರೀಮತಿ, “ಆರುವ ಮುಂಚೆ ಹಿಸುಕಿದರೆ ಹಿಡಿದುಕೊಳ್ಳುತ್ತದೆಯೇ? ನೀರೆಲ್ಲ ಅದರಲ್ಲೇ ಇದೆಯಲ್ಲ” ಎಂದಳು. ಎರಡನೆಯ ಸಲ ಗೆಡ್ಡೆಯನ್ನು ಪೂರ್ತಿ ಆರಗೊಟ್ಟೆ. ತೇವ ಹೀರಲೆಂದು ನಾಲ್ಕು ಚಮಚ ರಸ್ಕಿನ ಪುಡಿ ಕಲಸಿದೆ. ಅರ್ಧ ಅಂಗುಲ ದಪ್ಪದ ಬಿಲ್ಲೆಗಳನ್ನು ಮೈದಾಹಿಟ್ಟಿನ ತೆಳು ಗಂಜಿಯಲ್ಲಿ ಅದ್ದಿ, ಚಿರೋಟಿ ರವೆಯಲ್ಲಿ ಹೊರಳಿಸಿ, ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಕೆಂಪಗೆ ಬೇಯಿಸಿದೆ. ಬನ್ನುಗಳನ್ನು ಸೀಳಿ ಒಳಮೈಗೆ ಬೆಣ್ಣೆ ಸವರಿ ಕಾವಲಿಗೆ ಒತ್ತಿದೆ. ಹಾಗೆ ಮಾಡಿದರೆ ಚಟ್ನಿಯ ನೀರಿಗೆ ಬನ್ನು ಬೇಗ ಮೆತ್ತಗಾಗದು. ಮೊಮ್ಮಕ್ಕಳು ಈರುಳ್ಳಿ, ಸೌತೆಕಾಯಿ, ಟೊಮೆಟೊ ಹೆಚ್ಚಿಟ್ಟರು.

ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ ಕುಳಿತೆವು. ಶ್ರೀಮತಿ ಮಾತ್ರ ರೂಢಿಯಂತೆ ಒಲೆಯ ಬಳಿಯೇ ನಿಂತು, “ನೀವು ತಿನ್ನಿ, ನಂದು ಆಮೇಲೆ” ಎಂದಳು.

“ಅಜ್ಜಿ, ಒಲೆ ಆರಿಸಿ ಆಯ್ತು. ಅಲ್ಲಿ ನಿನಗಿನ್ನೇನು ಕೆಲಸ?” ಎಂದಳು ಮೊಮ್ಮಗಳು.

ಆ ಪ್ರಶ್ನೆಗೆ ಆಕೆಯ ಬಳಿ ಉತ್ತರವಿರಲಿಲ್ಲ. ಬಂದು ಕುಳಿತಳು.

ಆಗ ನನಗೆ ಹೊಳೆಯಿತು. ದೋಸೆ, ರೊಟ್ಟಿ, ಪೂರಿ, ನಾವು ಹೊಗಳುವ ತಿನಿಸುಗಳೆಲ್ಲ ಬಿಸಿಬಿಸಿಯಾಗಿ ತಟ್ಟೆಗೆ ಬೀಳಬೇಕು. ಬೀಳಬೇಕಾದರೆ ಒಬ್ಬರು ಒಲೆಯ ಮುಂದೆ ನಿಂತೇ ಇರಬೇಕು. ಮೂವತ್ತೆಂಟು ವರ್ಷಗಳ ದಾಂಪತ್ಯದಲ್ಲಿ ಆ ಒಬ್ಬರು ಯಾರೆಂದು ನಾನು ಕೇಳಿಕೊಂಡಿರಲೇ ಇಲ್ಲ. ಕಾವ್ಯದಲ್ಲಿ ಸ್ತ್ರೀದುಃಖವನ್ನು ವಿವರಿಸಿ ಮನೆಗೆ ಬಂದು, “ಇನ್ನೊಂದು ದೋಸೆ” ಎಂದು ಕೂಗಿದವನು ನಾನೇ. ಬರ್ಗರಿನಲ್ಲಿ ದೊಡ್ಡ ಗುಣವೇನೂ ಇಲ್ಲ; ಅದರ ಕೆಲಸವೆಲ್ಲ ಊಟಕ್ಕೆ ಮೊದಲೇ ಮುಗಿದುಹೋಗುತ್ತದೆ, ಅಷ್ಟೆ. ಆ ಒಂದು ಕಾರಣದಿಂದ ಆರು ಜನವೂ ಒಟ್ಟಿಗೆ ಕುಳಿತೆವು.

ಶ್ರೀಮತಿ ಎರಡೂ ಕೈಗಳಿಂದ ಬನ್ನನ್ನು ಹಿಡಿದು ಕಚ್ಚಿದಳು. ಚಟ್ನಿ ಮೊಣಕೈವರೆಗೆ ಇಳಿಯಿತು. ಮಕ್ಕಳು ಕೇಕೆ ಹಾಕಿದರು. ನಿಧಾನವಾಗಿ ಅಗಿದು, “ಚೆನ್ನಾಗಿದೆ. ಉಪ್ಪು ಒಂದಿಷ್ಟು ಕಮ್ಮಿ” ಎಂದಳು. ಇಷ್ಟು ವರ್ಷ ಕುಳಿತಲ್ಲಿಂದಲೇ ನಾನು ಹೇಳುತ್ತಿದ್ದ ಮಾತು ಅದು. ಕೇಳುವ ಸರದಿ ಈಗ ನನ್ನದಾಗಿತ್ತು.

ರಜೆ ಮುಗಿದು ಮಕ್ಕಳು ಹೊರಟುಹೋದರು. ಮನೆಯಲ್ಲೀಗ ಬರ್ಗರ್ ಇಲ್ಲ. ಭಾನುವಾರದ ದೋಸೆ ಎಂದಿನಂತೆ ಇದೆ. ಹುಯ್ಯುವವನು ಮಾತ್ರ ನಾನು. ಅವು ಇನ್ನೂ ದುಂಡಗೆ ಬರುತ್ತಿಲ್ಲ. ಆದರೆ ಮೊದಲ ದೋಸೆ ಬೀಳುವುದು ಆಕೆಯ ತಟ್ಟೆಗೆ.