ಪೊಟ್ಟಣದ ಹಿಟ್ಟಿನಿಂದ ಒಳ್ಳೆಯ ದೋಸೆ

(ಭಾರತೀನಗರದಲ್ಲಿ ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಈ ಊರಿಗೆ, ಹಿರಿಯರು ಇಂದಿಗೂ ಕಾಳಮುದ್ದನದೊಡ್ಡಿ ಎಂದೇ ಕರೆಯುವ ಈ ಭಾರತೀನಗರಕ್ಕೆ, ಸುತ್ತಲಿನ ಹಳ್ಳಿಗಳಿಂದ ಗಂಡಹೆಂಡಿರು ಜೊತೆಯಾಗಿ ಬಂದು ಕುಳಿತಿರುವುದನ್ನು ಕಂಡು ಸಂತೋಷವಾಗಿದೆ. ಆರೋಗ್ಯ ಇಲಾಖೆಯವರು ಮಾತಿಗೆ ನಿಂತರೆಂದರೆ ಮಾತ್ರೆ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಇವುಗಳ ವಿಚಾರವೇ ಬರುವುದೆಂದು ನೀವು ಎಣಿಸಿರಬಹುದು. ಇಂದು ನಾನು ಆಯ್ದುಕೊಂಡಿರುವುದು ದೋಸೆಯನ್ನು. ಅದರಲ್ಲಿಯೂ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಸಿದ್ಧ ಹಿಟ್ಟಿನ ದೋಸೆಯನ್ನು. ನಗಬೇಡಿ. ಈ ವಿಷಯವನ್ನು ನನಗೆ ಕೊಟ್ಟದ್ದು ಇದೇ ಸುತ್ತಿನ ಒಂದು ಮನೆ.

ಆ ಮನೆಯ ಸೊಸೆ ಆರು ತಿಂಗಳ ಗರ್ಭಿಣಿ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎಂಟೂವರೆ ಗ್ರಾಂ ಬಂದಿತ್ತು. ಗರ್ಭಿಣಿಗೆ ಅದು ಹನ್ನೊಂದಕ್ಕಿಂತ ಕೆಳಗಿಳಿಯಬಾರದು. ಬೆಳಿಗ್ಗೆ ಏನು ತಿನ್ನುತ್ತೀಯಮ್ಮ ಎಂದು ಕೇಳಿದೆ. ಆಕೆ ತಲೆ ತಗ್ಗಿಸಿದಳು. ಗಂಡನೇ ಉತ್ತರ ಕೊಟ್ಟನು: “ರುಬ್ಬೋ ಕೆಲಸ ತಪ್ಪಲಿ ಅಂತ ದೋಸೆ ಹಿಟ್ಟಿನ ಪೊಟ್ಟಣ ನಾನೇ ತಂದುಕೊಟ್ಟೆ ಅಮ್ಮಾವ್ರೆ, ಇವಳು ಮುಟ್ಟೋದೇ ಇಲ್ಲ.” “ರಬ್ಬರಿನ ಹಾಗೆ ಆಗ್ತದೆ, ಗಂಟಲಲ್ಲಿ ಇಳಿಯಾಕಿಲ್ಲ. ಟೀ ಕುಡಿದು ಸುಮ್ಮನಾಗ್ತೀನಿ” ಎಂದಳು ಆಕೆ. ಒಳಗಿನಿಂದ ಅತ್ತೆಯ ದನಿ ಕೇಳಿಸಿತು: “ನಾವೂ ಹೆತ್ತಿದ್ದೀವಿ. ಪೊಟ್ಟಣ ಒಡೆದು ದೋಸೆ ಹುಯ್ದೋರಲ್ಲ.”

ಯೋಚಿಸಿ ನೋಡಿದರೆ ಮೂವರ ಮಾತಿನಲ್ಲಿಯೂ ಹುರುಳಿತ್ತು. ಹೆಂಡತಿಗೆ ವಿಶ್ರಾಂತಿ ದೊರೆಯಲೆಂದು ಗಂಡ ಬಯಸಿದ್ದು ಸರಿ. ಬಾಯಿಗೆ ರುಚಿಸದುದನ್ನು ಬಸುರಿ ತಿನ್ನಲಾರಳೆಂಬುದೂ ಸರಿ. ರುಬ್ಬಿ ಹುದುಗಿಸಿದ ಹಿಟ್ಟಿನ ಗುಣ ಪೊಟ್ಟಣದ ಹಿಟ್ಟಿಗಿಲ್ಲವೆಂಬ ಅತ್ತೆಯ ಅಭಿಪ್ರಾಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಮೂರು ಸರಿಗಳ ನಡುವೆ ಆ ಹೆಣ್ಣುಮಗಳು ಮಧ್ಯಾಹ್ನದವರೆಗೆ ಬರಿಯ ಟೀಯ ಮೇಲೆ ಇರುತ್ತಿದ್ದಳು.

ಮೊದಲು ನಾಚಿಕೆಯ ಮಾತನ್ನು ಮುಗಿಸಿಬಿಡೋಣ. ಹುದುಗಿಸದೆ ತಕ್ಷಣ ಕಲಸಿ ಮಾಡುವ ತಿಂಡಿ ನಮಗೆ ಹೊಸದೇನೂ ಅಲ್ಲ. ನಿಮ್ಮ ತಾಲ್ಲೂಕಿನ ಹೆಸರನ್ನು ಹೊತ್ತ ಮದ್ದೂರು ವಡೆಯನ್ನು ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ ಕಲಸಿ ಮಾಡುತ್ತಾರೆಯೇ ಹೊರತು ಯಾರೂ ರಾತ್ರಿಯಿಡೀ ಹುದುಗಿಸುವುದಿಲ್ಲ. ಸಿದ್ಧ ಹಿಟ್ಟುಗಳಿಗೂ ನಮ್ಮ ನಾಡಿನಲ್ಲೇ ಒಂದು ಚರಿತ್ರೆಯಿದೆ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಮಾಡಿದರೆಂಬುದು ಪ್ರಸಿದ್ಧವಾದ ಸಂಗತಿ. 1970ರ ದಶಕದ ತುರ್ತು ಪರಿಸ್ಥಿತಿಯಲ್ಲಿ ಹೋಟೆಲು ತಿಂಡಿಗಳ ಬೆಲೆಯನ್ನು ಸರ್ಕಾರ ಬಹಳ ಕೆಳಗಿಳಿಸಿದಾಗ ಅವರು ಹೋಟೆಲನ್ನು ಮುಚ್ಚಿ, ಸಿದ್ಧ ಹಿಟ್ಟುಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಈಗ ಇಂತಹ ಪೊಟ್ಟಣಗಳನ್ನು ತಯಾರಿಸುವವರು ಹಲವರು. ಹಳ್ಳಿಯ ಪುಟ್ಟ ಅಂಗಡಿಯಲ್ಲಿಯೂ ಅವು ತೂಗಾಡುತ್ತಿರುತ್ತವೆ. ಆದುದರಿಂದ ಕೊಂಡದ್ದು ತಪ್ಪೇ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಕೊಂಡದ್ದನ್ನು ಹೇಗೆ ಒಳ್ಳೆಯದು ಮಾಡಿಕೊಳ್ಳಬೇಕೆಂಬುದೇ ಪ್ರಶ್ನೆ.

ಪೊಟ್ಟಣವನ್ನು ಕೊಳ್ಳುವಾಗ ಅದರ ಹಿಂಬದಿಯನ್ನು ಓದಿರಿ. ಅಕ್ಷರ ಸಣ್ಣದಾಗಿರುತ್ತದೆ, ಹಲವು ವೇಳೆ ಇಂಗ್ಲಿಷಿನಲ್ಲಿಯೇ ಇರುತ್ತದೆ. ಓದುವ ಮಗ ಅಥವಾ ಮಗಳಿದ್ದರೆ ಅವರಿಂದ ಓದಿಸಿಕೊಳ್ಳಿ. ಯಾವ ಪದಾರ್ಥ ತೂಕದಲ್ಲಿ ಹೆಚ್ಚೋ ಅದರ ಹೆಸರನ್ನು ಮೊದಲು ಬರೆಯಬೇಕೆಂಬುದು ನಿಯಮ. ಅಕ್ಕಿಹಿಟ್ಟು, ರವೆ, ಮೈದಾ ಮೊದಲಿದ್ದು ಉದ್ದು ಕೊನೆಗೆ ಬಂದಿದ್ದರೆ ಆ ಪೊಟ್ಟಣದಲ್ಲಿ ಬೇಳೆ ಬಹಳ ಕಡಿಮೆಯೆಂದು ತಿಳಿಯಿರಿ. ಇದು ಸಣ್ಣ ಕೊರತೆಯಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಏಳೆಂಟು ಗ್ರಾಂ ಸಸಾರಜನಕವಿದ್ದರೆ ಉದ್ದಿನಬೇಳೆಯಲ್ಲಿ ಅದು ಇಪ್ಪತ್ತಮೂರು ಗ್ರಾಮಿನಷ್ಟಿದೆ. ಮನೆಯ ದೋಸೆಗೆ ಹುರುಪು ಕೊಡುವುದು ಉದ್ದು. ಪೊಟ್ಟಣದ ದೋಸೆಯನ್ನು ಉಬ್ಬಿಸುವುದು ಸೋಡಾ. ಸೋಡಿಯಂ ಬೈಕಾರ್ಬೊನೇಟ್ ಎಂದೋ ಬರಿಯ 500 ಎಂಬ ಸಂಖ್ಯೆಯಿಂದಲೋ ಅದನ್ನು ಸೂಚಿಸಿರುತ್ತಾರೆ. ಜೊತೆಗೆ 330 ಎಂದಿದ್ದರೆ ಅದು ಸಿಟ್ರಿಕ್ ಆಮ್ಲ, ಅಂದರೆ ಹುಳಿ. ನೀರು ತಾಕಿದೊಡನೆ ಸೋಡಾವೂ ಹುಳಿಯೂ ಕೂಡಿ ಗಾಳಿಗುಳ್ಳೆ ಏಳಿಸುತ್ತವೆ.

ರಬ್ಬರಿನ ದೋಸೆಯ ಮೂಲ ಇಲ್ಲಿದೆ. ಬೆಳಿಗ್ಗೆ ಕಲಸಿದ ಹಿಟ್ಟನ್ನು ಮೂಲೆಗಿಟ್ಟು, ದನ ಕಟ್ಟಿ, ಹಾಲು ಹಾಕಿ, ಮಕ್ಕಳನ್ನು ಎಬ್ಬಿಸಿ ಬರುವ ವೇಳೆಗೆ ಗುಳ್ಳೆಗಳೆಲ್ಲ ಒಡೆದು ಹೋಗಿರುತ್ತವೆ. ಹಿಟ್ಟು ಸಪ್ಪಗಾಯಿತೆಂದು ಮತ್ತೆ ಬಲವಾಗಿ ಕಡೆಯುತ್ತೀರಿ. ಮೈದಾ ಇರುವ ಹಿಟ್ಟನ್ನು ಕಡೆದಷ್ಟೂ ಅದು ನಾರಾಗುತ್ತದೆ. ಅದನ್ನು ಅರೆಕಾದ ಹೆಂಚಿನ ಮೇಲೆ ಹುಯ್ದರೆ ಗಂಟಲಲ್ಲಿ ಇಳಿಯದಿರುವುದು ಸಹಜವೇ.

ಈಗ ನಾನು ಹೇಳುವ ಕ್ರಮದಲ್ಲಿ ಕೆಲಸವನ್ನು ಎರಡು ಪಾಲು ಮಾಡಿದೆ, ರಾತ್ರಿಯದೊಂದು, ಬೆಳಗಿನದೊಂದು. ಹಿಡಿ ಉದ್ದಿನಬೇಳೆಯನ್ನೂ ನಾಲ್ಕು ಕಾಳು ಮೆಂತ್ಯವನ್ನೂ ಸಂಜೆ ನೆನೆಹಾಕಿ. ಮಲಗುವ ಮುನ್ನ ನುಣ್ಣಗೆ ರುಬ್ಬಿಕೊಳ್ಳಿ. ಹಿಡಿ ಬೇಳೆಯಾದುದರಿಂದ ಮಿಕ್ಸಿಯಲ್ಲಿ ಎರಡು ನಿಮಿಷದ ಕೆಲಸ. ಕರೆಂಟು ಹೋದರೆ ಒರಳಿನಲ್ಲಿಯೂ ಕಷ್ಟವಲ್ಲ. ಅದಕ್ಕೆ ಒಂದು ಲೋಟ ರಾಗಿಹಿಟ್ಟನ್ನೂ ಬೇಕಾದಷ್ಟು ನೀರನ್ನೂ ಸೇರಿಸಿ, ಗಂಟಿಲ್ಲದಂತೆ ಕೈಯಿಂದ ಕಲಸಿ, ಮುಚ್ಚಿಡಿ. ಉಪ್ಪು ಬೇಡ, ಸೋಡಾ ಬೇಡ. ಪೊಟ್ಟಣದ ಹಿಟ್ಟನ್ನು ಈಗಲೇ ಸೇರಿಸಲೇಬೇಡಿ. ರಾತ್ರಿ ಸೇರಿಸಿದರೆ ಅದರ ಸೋಡಾ ಬೆಳಗಾಗುವುದರೊಳಗೆ ಸತ್ತುಹೋಗುವುದಲ್ಲದೆ ಹಿಟ್ಟು ಹುಳಿಯೇರುವುದನ್ನೂ ತಡೆಯುತ್ತದೆ.

ಬೆಳಿಗ್ಗೆ ಈ ಹಿಟ್ಟು ಸ್ವಲ್ಪ ಉಬ್ಬಿ ಹುಳಿವಾಸನೆ ಬಂದಿರುತ್ತದೆ. ಚಳಿಗಾಲದಲ್ಲಿ ಉಬ್ಬದಿದ್ದರೆ ಅರ್ಧ ಲೋಟ ಹುಳಿ ಮಜ್ಜಿಗೆಯನ್ನು ಸೇರಿಸಿಕೊಳ್ಳಿ. ಒಲೆಯ ಮೇಲೆ ಹೆಂಚಿಟ್ಟು, ಅದು ಕಾಯುತ್ತಿರುವಾಗ ಎರಡು ಲೋಟ ಪೊಟ್ಟಣದ ಹಿಟ್ಟನ್ನು ಜರಡಿ ಹಿಡಿದು ಇದಕ್ಕೆ ಸೇರಿಸಿ, ನೀರು ಹಾಕಿಕೊಂಡು ಹದ ಮಾಡಿ. ಕಲಸಿ, ಕಡೆಯಬೇಡಿ. ರವೆಯಿರುವ ಹಿಟ್ಟಾದರೆ ಹತ್ತು ನಿಮಿಷ ನೆನೆಯಲಿ. ಹದಿನೈದು ನಿಮಿಷ ಮೀರಿ ಕಾಯಿಸಬೇಡಿ. ಹುದುಗಿನ ಹುಳಿ ಪೊಟ್ಟಣದ ಸೋಡಾವನ್ನು ತಾಕಿ ಹಿಟ್ಟು ನಿಮ್ಮ ಕಣ್ಣೆದುರಿಗೇ ಏಳುವುದನ್ನು ಕಾಣುವಿರಿ.

ರಾಗಿಯನ್ನು ಏಕೆ ಸೇರಿಸಬೇಕೆಂದು ಈ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ದುಡಿದದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ಆದರೂ ಕಾಲುವೆಯ ನೀರು ಬಂದು ಕಬ್ಬು, ಭತ್ತ ಹೆಚ್ಚಿದ ಮೇಲೆ ಬೆಳಗಿನ ತಿಂಡಿಯಿಂದ ರಾಗಿ ಜಾರಿಕೊಂಡಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮಿನ ಆಸುಪಾಸು. ಹೊಟ್ಟೆಯೊಳಗಿನ ಮಗುವಿನ ಮೂಳೆಗೆ ಸುಣ್ಣ ಬೇಕು. ರಾಗಿಯಲ್ಲಿ ಕಬ್ಬಿಣವನ್ನೂ ಸುಣ್ಣವನ್ನೂ ಬಿಗಿಹಿಡಿಯುವ ಫೈಟೇಟ್ ಎಂಬ ಪದಾರ್ಥವೂ ಇದೆ. ರಾತ್ರಿಯ ಹುದುಗು ಅದನ್ನು ಕಡಿಮೆ ಮಾಡುತ್ತದೆ. ಅತ್ತೆಯಂದಿರು ಹೇಳುವ ಹುದುಗಿನ ಗುಣದಲ್ಲಿ ಇದೂ ಒಂದು.

ಹಿಟ್ಟು ಹದವಾದ ಮೇಲೆ ಒಂದು ಹಿಡಿ ನುಗ್ಗೆಸೊಪ್ಪನ್ನೋ ಮೆಂತ್ಯದ ಸೊಪ್ಪನ್ನೋ ಸಣ್ಣಗೆ ಹೆಚ್ಚಿ, ಈರುಳ್ಳಿಯೊಡನೆ ಬೆರೆಸಿ. ನುಗ್ಗೆಯ ಮರ ಹಿತ್ತಿಲಿನಲ್ಲಿರುವಾಗ ಸೊಪ್ಪನ್ನು ದನಕ್ಕೆ ಹಾಕಿ, ರಕ್ತವಿಲ್ಲವೆಂದು ಟಾನಿಕ್ಕಿಗೆ ದುಡ್ಡು ಕೊಡುವ ಮನೆಗಳನ್ನು ನಾನು ಕಂಡಿದ್ದೇನೆ.

ಹೆಂಚಿನ ವಿಷಯದಲ್ಲಿ ಅವಸರ ಬೇಡ. ನೀರು ಚಿಮುಕಿಸಿದರೆ ಹನಿಗಳು ಕುಣಿದು ಆರಬೇಕು. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿದರೆ ಅಂಟುವುದಿಲ್ಲ, ಎಣ್ಣೆಯೂ ಉಳಿಯುತ್ತದೆ. ಹುಯ್ಯುವ ಮುಂಚೆ ಉರಿಯನ್ನು ತಗ್ಗಿಸಿ, ಹುಯ್ದ ಮೇಲೆ ಏರಿಸಿ. ರವೆ ದೋಸೆಯ ಹಿಟ್ಟು ಮಜ್ಜಿಗೆಯಂತೆ ತೆಳ್ಳಗಿರಬೇಕು, ಅದನ್ನು ಅಂಚಿನಿಂದ ಒಳಗೆ ಎರಚಬೇಕು. ಸಾದಾ ದೋಸೆಯ ಹಿಟ್ಟನ್ನು ನಡುವಿನಿಂದ ಹೊರಕ್ಕೆ ಹರಡಬೇಕು. ರಾಗಿ ಸೇರಿದ್ದರಿಂದ ಬಣ್ಣ ಕಂದಾಗಿರುತ್ತದೆ. ಬೆಂದಿತೇ ಎಂಬುದನ್ನು ಬಣ್ಣದಿಂದಲ್ಲ, ಅಂಚು ತಾನಾಗಿ ಹೆಂಚನ್ನು ಬಿಡುವುದರಿಂದ ತಿಳಿಯಬೇಕು. ಮೊದಲ ದೋಸೆ ಕೆಟ್ಟರೆ ಚಿಂತೆಯಿಲ್ಲ. ಅದು ನನ್ನ ಕೈಯಲ್ಲಿಯೂ ಕೆಡುತ್ತದೆ.

ಉಪ್ಪಿನ ವಿಚಾರವನ್ನು ಗಮನವಿಟ್ಟು ಕೇಳಬೇಕು, ಏಕೆಂದರೆ ಮನೆಯಲ್ಲಿ ರಕ್ತದೊತ್ತಡದ ಹಿರಿಯರಿರುತ್ತಾರೆ, ಗರ್ಭಿಣಿಗೂ ರಕ್ತದೊತ್ತಡ ಏರುವುದುಂಟು. ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೊಟ್ಟಣದ ಮೇಲೆ ಉಪ್ಪೆಂದು ಬರೆಯದೆ ಸೋಡಿಯಂ ಎಂದು ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ನೂರು ಗ್ರಾಂ ಹಿಟ್ಟಿಗೆ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅಷ್ಟು ಹಿಟ್ಟಿನ ದೋಸೆ ತಿಂದವರು 2 ಗ್ರಾಂ ಉಪ್ಪನ್ನು ಬೆಳಗಿನಲ್ಲೇ ತಿಂದಂತಾಯಿತು. ಆಮೇಲೆ ಚಟ್ನಿ, ಉಪ್ಪಿನಕಾಯಿ, ಮಧ್ಯಾಹ್ನದ ಸಾರು ಬೇರೆ ಇವೆ. ಎರಡು ಲೋಟಕ್ಕೆ ಒಂದು ಲೋಟ ರಾಗಿ ಸೇರಿಸಿದಾಗ ದೋಸೆಯೊಂದರ ಉಪ್ಪು ಸರಿಸುಮಾರು ಮೂರನೆಯ ಒಂದು ಪಾಲು ಇಳಿಯುತ್ತದೆ. ಸಪ್ಪೆಯೆನಿಸಿದರೆ ಹಸಿಮೆಣಸಿನಕಾಯಿ, ಜೀರಿಗೆ ಸೇರಿಸಿ. ಉಪ್ಪಿನ ಡಬ್ಬಿಯನ್ನು ತೆರೆಯಬೇಡಿ. ಎರಡು ದಿನಕ್ಕೆ ಮುಗಿಯುತ್ತಿದ್ದ ಪೊಟ್ಟಣ ಮೂರು ದಿನಕ್ಕೆ ಬರುವುದು ಇದರ ಇನ್ನೊಂದು ಲಾಭ.

ದೋಸೆಯ ಜೊತೆಗೆ ಹುಚ್ಚೆಳ್ಳಿನ ಚಟ್ನಿಯೋ ಕಡಲೆಕಾಯಿ ಬೀಜದ ಚಟ್ನಿಯೋ ಇರಲಿ. ಅದರ ಮೇಲೆ ನಿಂಬೆಹಣ್ಣನ್ನು ಹಿಂಡಿಕೊಳ್ಳಿ. ಸೊಪ್ಪಿನ, ಕಾಳಿನ ಕಬ್ಬಿಣ ಮೈಗೆ ಹತ್ತಲು ನಿಂಬೆಯ ಸಿ ಜೀವಸತ್ವ ನೆರವಾಗುತ್ತದೆ; ಬೇಯಿಸಿದರೆ ಆ ಸತ್ವ ಹಾಳಾಗುವುದರಿಂದ ತಿನ್ನುವಾಗ ಹಿಂಡಬೇಕು. ಇದಕ್ಕೆ ವಿರುದ್ಧವಾಗಿ ಟೀ, ಕಾಫಿಗಳು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ದೋಸೆಗೂ ಟೀಗೂ ನಡುವೆ ಒಂದು ಗಂಟೆಯಾದರೂ ಇರಲಿ. ಬೆಲ್ಲದಲ್ಲಿ ಕಬ್ಬಿಣವಿದೆಯಲ್ಲವೇ ಎಂದು ಆಲೆಮನೆಯ ನಾಡಿನ ನೀವು ಕೇಳುವಿರಿ. ಇದೆ, ಆದರೆ ರಕ್ತಹೀನತೆಯನ್ನು ನೀಗುವಷ್ಟು ಬೇಕೆಂದರೆ ತಿನ್ನಲಾರದಷ್ಟು ಸಕ್ಕರೆಯನ್ನೂ ಜೊತೆಗೆ ತಿನ್ನಬೇಕಾದೀತು. ರುಚಿಗೆ ಒಂದು ಚೂರು ಸಾಕು.

ಹಾಗೆಯೇ ದೋಸೆಯಿಂದ ರಕ್ತಹೀನತೆ ವಾಸಿಯಾಗುವುದೆಂದು ನಾನು ಹೇಳುತ್ತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಗರ್ಭಿಣಿಯು ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕಬ್ಬಿಣದ ಮಾತ್ರೆಯನ್ನು ನುಂಗಬೇಕು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವೂ ಇರುತ್ತದೆ. ರಕ್ತ ಇನ್ನೂ ಕಡಿಮೆಯಿದ್ದರೆ ವೈದ್ಯರು ಹೇಳಿದಷ್ಟು. ಬರಿಹೊಟ್ಟೆಯಲ್ಲಿ ನುಂಗಿ ವಾಕರಿಕೆ ಬಂದು ಮಾತ್ರೆಯನ್ನು ತಿಪ್ಪೆಗೆ ಎಸೆಯುವವರೇ ಹೆಚ್ಚು. ತಿಂಡಿ ತಿಂದು ಒಂದು ಗಂಟೆ ಬಿಟ್ಟು ನುಂಗಿದರೆ ತಡೆದುಕೊಳ್ಳಬಹುದು. ಹೊಟ್ಟೆಗಿಳಿಯುವಂತಹ ದೋಸೆ ಇಷ್ಟು ಮುಖ್ಯವಾಗುವುದು ಇದಕ್ಕಾಗಿಯೇ. ಸುಣ್ಣದ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರವಿರಲಿ.

ಒಂದು ವರ್ಷ ತುಂಬದ ಮಗುವಿಗೆ ಪೊಟ್ಟಣದ ಹಿಟ್ಟಿನ ದೋಸೆ ಬೇಡ. ಅದರ ಉಪ್ಪು ಆ ಮೂತ್ರಪಿಂಡಗಳಿಗೆ ಹೊರೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೆ ಎದೆಹಾಲಿನೊಡನೆ ಉಪ್ಪಿಲ್ಲದ ಮೆತ್ತನೆಯ ಆಹಾರ. ಅಂಗನವಾಡಿಯಲ್ಲಿ ಮಗುವಿಗೆಂದು ಕೊಟ್ಟ ಹಿಟ್ಟನ್ನು ದೊಡ್ಡವರ ದೋಸೆಗೆ ಬೆರೆಸುವುದೂ ಸಲ್ಲದು. ಒಡೆದ ಪೊಟ್ಟಣವನ್ನು ಬಿಗಿಯಾದ ಡಬ್ಬಿಯಲ್ಲಿಡಿ, ಒದ್ದೆ ಚಮಚ ಹಾಕಬೇಡಿ. ತೇವ ತಾಕಿದರೆ ಸೋಡಾ ಡಬ್ಬಿಯಲ್ಲೇ ಮುಗಿದುಹೋಗುತ್ತದೆ.

ಇನ್ನು ಇದನ್ನು ಮಾಡುವವರು ಯಾರು? ನಾನು ಹೇಳಿದ ಮನೆಯಲ್ಲಿ ಎರಡನೆಯ ಸಲ ಹೋದಾಗ ಅತ್ತೆ ಬೇಳೆ ನೆನೆಹಾಕುತ್ತಿದ್ದರು, ಮಗ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದನು. ಅಡುಗೆಮನೆ ಗೊತ್ತಿಲ್ಲದ ಗಂಡಸಿಗೂ ಪೊಟ್ಟಣದ ಹಿಟ್ಟು ಸುಲಭ. ಅಳತೆ ಬರೆದಿರುತ್ತದೆ, ತಪ್ಪಿದರೂ ಹೆಚ್ಚು ಕೆಡುವುದಿಲ್ಲ. ಆ ಹೊತ್ತಿನಲ್ಲಿ ಬಸುರಿ ಇನ್ನೊಂದು ಗಂಟೆ ಮಲಗಬಹುದು. ಮೊದಲ ದೋಸೆ ಅವಳ ತಟ್ಟೆಗೆ ಬೀಳಲಿ ಎಂದು ಹೇಳಹೊರಟಿದ್ದೆ. ಮೊದಲನೆಯದು ಕೆಡುವುದರಿಂದ ಎರಡನೆಯದು ಎನ್ನೋಣ.

ಹೊರಗೆ ಒಲೆ ಹೊತ್ತಿಸಿದೆ. ನಿನ್ನೆ ರಾತ್ರಿ ಕಲಸಿಟ್ಟ ರಾಗಿ ಮತ್ತು ಉದ್ದಿನ ಹಿಟ್ಟು ಉಬ್ಬಿ ಪಾತ್ರೆಯ ಕಂಠಕ್ಕೆ ಬಂದಿದೆ. ಪೊಟ್ಟಣವನ್ನು ಇನ್ನೂ ಒಡೆದಿಲ್ಲ. ಗಂಡಸರು ಮೊದಲು ಬನ್ನಿ, ಕೈ ತೊಳೆದುಕೊಂಡು.