ಅಂಕಿತ ಇದ್ದ ಮಾತ್ರಕ್ಕೆ ವಚನವೇ?



ಕಳೆದ ತಿಂಗಳು ಹಿರಿಯ ಕೇಳುಗರೊಬ್ಬರು ಫೋನ್ ಮಾಡಿ, ತಮ್ಮ ತಾಯಿ ಹೇಳುತ್ತಿದ್ದ ಅಕ್ಕಮಹಾದೇವಿಯ ವಚನವೊಂದನ್ನು ಓದಿ ಎಂದರು. ಅವರಿಗೆ ನೆನಪಿದ್ದದ್ದು ಎರಡೇ ಪದ. ಕಾರ್ಯಕ್ರಮಕ್ಕೆ ಅರ್ಧ ಗಂಟೆಯಷ್ಟೇ ಉಳಿದಿತ್ತು. ಕೃತಕ ಬುದ್ಧಿಮತ್ತೆಯನ್ನು ಕೇಳಿದೆ. ಕಣ್ಣು ಮಿಟುಕಿಸುವುದರೊಳಗೆ ಪೂರ್ತಿ ವಚನ ಬಂತು. ಕೊನೆಯಲ್ಲಿ 'ಚೆನ್ನಮಲ್ಲಿಕಾರ್ಜುನ' ಎಂಬ ಅಂಕಿತವೂ ಇತ್ತು!

ಆದರೆ ಬಿ.ಎ.ಯಲ್ಲಿ ಕಲಿತ ಕನ್ನಡ ಸುಮ್ಮನಿರಲಿಲ್ಲ. ಮಾತು ಅಕ್ಕನದ್ದು ಅನ್ನಿಸಲಿಲ್ಲ. ಅಂದು ಓದಲಿಲ್ಲ. ಮನೆಗೆ ಬಂದು 'ವಚನ ಸಂಚಯ' ಜಾಲತಾಣದಲ್ಲಿ ಹುಡುಕಿದೆ. ಯಂತ್ರ ಕೊಟ್ಟ ಸಾಲುಗಳು ಎಲ್ಲೂ ಇರಲಿಲ್ಲ. ಆ ಎರಡು ಪದಗಳಿದ್ದ ವಚನ ಮಾತ್ರ ಸಿಕ್ಕಿತು. ಅದು ಅಕ್ಕನದಲ್ಲ, ಅಂಕಿತವೇ ಬೇರೆ. ಭಾನುವಾರ ಕನ್ನಡ ಸಂಘದ ಗ್ರಂಥಾಲಯಕ್ಕೆ ಹೋಗಿ, 1993ರಲ್ಲಿ ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಹೊರತಂದ 'ಸಮಗ್ರ ವಚನ ಸಂಪುಟ'ದಲ್ಲಿ ತಾಳೆ ನೋಡಿದೆ. ಮರುವಾರ ಓದಿದಾಗ ಅವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಹೌದಮ್ಮ, ಇದೇ."

ನೋಡಿ, ಹುಡುಕುವ ಯಂತ್ರ ಇದ್ದದ್ದನ್ನು ತೋರಿಸುತ್ತದೆ. ಉತ್ತರಿಸುವ ಯಂತ್ರ ಇಲ್ಲದ್ದನ್ನೂ ಹೊಸೆದು ಕೊಡುತ್ತದೆ, ಅದೂ ಅಂಕಿತ ಸಮೇತ! ನಾನು ಅಂದೇ ಓದಿಬಿಟ್ಟಿದ್ದರೆ ಹುಸಿ ವಚನವೊಂದು ನಿಮ್ಮೆಲ್ಲರ ಮನೆ ಸೇರುತ್ತಿತ್ತು.

ಊರಿನಿಂದ ದೂರವಿರುವ ನಮಗೆ ಅಂತರ್ಜಾಲ ದೊಡ್ಡ ವರ. ಧಾರಾಳವಾಗಿ ಬಳಸಿ. ಆದರೆ ಮಕ್ಕಳಿಗೆ ಹೇಳಿಕೊಡುವ ಮುನ್ನ ಒಮ್ಮೆ ಪುಸ್ತಕ ತೆರೆಯಿರಿ. ನಿಮ್ಮ ಬಡಾವಣೆಯ ಕನ್ನಡ ಸಂಘದ ಕಪಾಟಿನ ಬೀಗ ತುಕ್ಕು ಹಿಡಿಯದಿರಲಿ.

ಮುಂದಿನ ವಾರ ಮತ್ತೆ ಸಿಗೋಣ.